ಬಂದಳಿಕೆಯ ಕಲ್ಲು, ಕಡಲಿನ ಎಚ್ಚರಿಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಇಂದು ಸದ್ದುಗದ್ದಲವಿಲ್ಲದ ಜಾಗ. ಒಂದು ಕಾಲಕ್ಕೆ ಇದು ನಾಗರಖಂಡ ಎಪ್ಪತ್ತರ ರಾಜಧಾನಿ. ಬಾಂಧವಪುರ, ಬಂದಣಿಕೆ ಎಂಬುವು ಇದರ ಹಳೆಯ ಹೆಸರುಗಳು. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ, ಸಹಸ್ರಲಿಂಗ ದೇವಾಲಯಗಳನ್ನು ನೋಡಲು ಅರ್ಧ ದಿನವಾದರೂ ಬೇಕು.

ನನಗೆ ಗುಡಿಗಳಷ್ಟೇ ಪ್ರೀತಿ ಇಲ್ಲಿನ ಶಾಸನಗಳ ಮೇಲೆ. ರಾಷ್ಟ್ರಕೂಟರ ಕಾಲದಲ್ಲಿ, ಗಂಡ ತೀರಿಹೋದ ಮೇಲೆ ಜಕ್ಕಿಯಬ್ಬೆ ಎಂಬ ಹೆಣ್ಣುಮಗಳು ನಾಗರಖಂಡದ ಆಡಳಿತವನ್ನು ಸಮರ್ಥವಾಗಿ ನಡೆಸಿದಳು. ಸಾವಿರ ವರ್ಷ ದಾಟಿದರೂ ಅವಳ ಹೆಸರು ಉಳಿದದ್ದು ಇಲ್ಲಿಯ ಕಲ್ಲಿನಿಂದ. ನಮ್ಮ ಬ್ಯಾಂಕಿನ ಲೆಡ್ಜರುಗಳು ಐವತ್ತು ವರ್ಷವೂ ಬಾಳಲಿಲ್ಲ!

ಜೊತೆಗೆ ಬಂದಿದ್ದ ಮೊಮ್ಮಗ ಕೇಳಿದ: "ತಾತ, ಕಲ್ಲಿನ ಮೇಲೆ ಬರೀ ರಾಜರ ವಿಷಯ, ದಾನದ ವಿಷಯವೇ ಇರುತ್ತಾ?"

ಇಲ್ಲ ಮಗು, ಜೀವ ಉಳಿಸಿದ ಕಲ್ಲೂ ಉಂಟು. ಜಪಾನಿನಲ್ಲಿ ಅನೆಯೋಶಿ ಎಂಬ ಹಳ್ಳಿಯಿದೆ. 1896ರಲ್ಲಿ, ಮತ್ತೆ 1933ರಲ್ಲಿ ಸುನಾಮಿ ಬಂದು ಊರನ್ನೇ ಕೊಚ್ಚಿಕೊಂಡು ಹೋಯಿತು. ಬದುಕಿ ಉಳಿದವರು ಗುಡ್ಡದ ಮೇಲೊಂದು ಕಲ್ಲು ನೆಟ್ಟು, ಇದಕ್ಕಿಂತ ಕೆಳಗೆ ಮನೆ ಕಟ್ಟಬಾರದೆಂದು ಕೆತ್ತಿಸಿದರು. ಮಕ್ಕಳು, ಮೊಮ್ಮಕ್ಕಳು ಆ ಮಾತು ಮೀರಲಿಲ್ಲ. 2011ರ ಮಾರ್ಚ್ 11ರಂದು ಭಾರಿ ಸುನಾಮಿ ಬಂದಾಗ ನೀರು ಆ ಕಲ್ಲಿನ ಕೆಳಗೇ ನಿಂತಿತು. ಮೇಲಿದ್ದ ಮನೆಗಳು ಉಳಿದವು.

"ಸುನಾಮಿ ಅಂದರೆ ದೊಡ್ಡ ಅಲೆ ತಾನೇ?" ಎಂದ. ಅಷ್ಟೇ ಅಲ್ಲ. ಶಿಕಾರಿಪುರ, ಸೊರಬದ ಕಡೆ ಹೆಜ್ಜೆ ಹೆಜ್ಜೆಗೂ ಕೆರೆಗಳಿವೆ. ಗಾಳಿ ಬೀಸಿದರೆ ಕೆರೆಯ ಮೇಲಿನ ನೀರಷ್ಟೇ ಅಲುಗುತ್ತದೆ, ತಳಕ್ಕೆ ಸುದ್ದಿಯೇ ಇಲ್ಲ. ಸಮುದ್ರದ ದಿನನಿತ್ಯದ ಅಲೆಗಳೂ ಹಾಗೆಯೇ. ಸುನಾಮಿಯಲ್ಲಿ ತಳವೇ ಅಲುಗುತ್ತದೆ. ಭೂಮಿಯ ಚಿಪ್ಪಿನ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವಾಗ ಸಿಕ್ಕಿಕೊಂಡು, ಬಗ್ಗಿಸಿದ ಪ್ಲಾಸ್ಟಿಕ್ ಸ್ಕೇಲಿನಂತೆ ಬಿಗಿಯುತ್ತದೆ. ಒಂದು ದಿನ ಅದು ಚಿಮ್ಮಿದಾಗ ಭೂಕಂಪವಾಗುತ್ತದೆ. ಸಮುದ್ರದ ತಳ ಏರಿಳಿದು, ಮೇಲಿನ ಅಷ್ಟೂ ನೀರನ್ನು ಎತ್ತಿ ಹಾಕುತ್ತದೆ.

ನಾಲ್ಕು ಸಾವಿರ ಮೀಟರ್ ಆಳದ ಕಡಲಿನಲ್ಲಿ ಈ ಅಲೆ ಗಂಟೆಗೆ ಸುಮಾರು 700 ಕಿ.ಮೀ. ವೇಗದಲ್ಲಿ ಓಡುತ್ತದೆ. ಅಲ್ಲಿ ಅದರ ಎತ್ತರ ಒಂದು ಮೀಟರಿಗೂ ಕಡಿಮೆ ಇರಬಹುದು. ಹಡಗಿನಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ದಡ ಹತ್ತಿರವಾದಂತೆ ಮುಂದಿನ ನೀರು ನಿಧಾನವಾಗುತ್ತದೆ, ಹಿಂದಿನದು ಬಂದು ಅದರ ಮೇಲೆ ರಾಶಿ ಬೀಳುತ್ತದೆ. ಆಗ ಅಲೆ ಗೋಡೆಯಂತೆ ಏಳುತ್ತದೆ.

2004ರ ಡಿಸೆಂಬರ್ 26ರ ಬೆಳಿಗ್ಗೆ ಆರೂವರೆಗೆ ಸುಮಾತ್ರಾ ಬಳಿ ಭೂಮಿ ನಡುಗಿತು. ಅಲೆ ತಮಿಳುನಾಡಿನ ಕರಾವಳಿ ತಲುಪಲು ಎರಡು ಗಂಟೆಗೂ ಹೆಚ್ಚು ಸಮಯ ಹಿಡಿಯಿತು. ಓಡಲು ಹೊತ್ತಿತ್ತು, ಓಡಿ ಎಂದು ಹೇಳುವ ವ್ಯವಸ್ಥೆ ಇರಲಿಲ್ಲ. ಹಲವು ದೇಶಗಳಲ್ಲಿ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಆ ಪಾಠದಿಂದ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯಲ್ಲಿ 2007ರಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾಯಿತು. ಭೂಕಂಪದ ಕಂಪನ ನೀರಿಗಿಂತ ಬಹಳ ಬೇಗ ಓಡುವುದರಿಂದ ಭೂಕಂಪಮಾಪಕ ಮೊದಲು ಸುಳಿವು ಕೊಡುತ್ತದೆ. ಆದರೆ ಎಲ್ಲ ಭೂಕಂಪವೂ ಸುನಾಮಿ ತರುವುದಿಲ್ಲ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಲೆಕ್ಕ ತಾಳೆ ನೋಡಬೇಕು. ಸಮುದ್ರದ ತಳದಲ್ಲಿಟ್ಟ ಒತ್ತಡಮಾಪಕಗಳು ಮೇಲಿನ ನೀರು ಸೆಂಟಿಮೀಟರುಗಳಷ್ಟು ಏರಿದರೂ ಗುರುತಿಸುತ್ತವೆ. ಆ ಸುದ್ದಿ ಶಬ್ದದ ರೂಪದಲ್ಲಿ ತೇಲುಬುರುಡೆಗೆ, ಅಲ್ಲಿಂದ ಉಪಗ್ರಹದ ಮೂಲಕ ಕೇಂದ್ರಕ್ಕೆ ಹೋಗುತ್ತದೆ. ದಡದಲ್ಲಿರುವ ಉಬ್ಬರವಿಳಿತ ಮಾಪಕಗಳೂ ಸಾಕ್ಷಿ ಹೇಳುತ್ತವೆ.

ನಮ್ಮ ಕರಾವಳಿಗೆ ಇದೆಲ್ಲ ದೂರದ ಮಾತಲ್ಲ. 1945ರ ನವೆಂಬರ್ 28ರಂದು ಮಕ್ರಾನ್ ತೀರದಲ್ಲಿ, ಅಂದರೆ ಇಂದಿನ ಪಾಕಿಸ್ತಾನದ ಬಳಿ, ಎದ್ದ ಸುನಾಮಿ ಮುಂಬಯಿಯಲ್ಲಿ ಜೀವ ತೆಗೆದು ಕಾರವಾರದವರೆಗೂ ಬಂದಿತ್ತು.

ಬಂದಳಿಕೆಗೆ ಸಮುದ್ರ ಬರುವುದಿಲ್ಲ. ಆದರೆ ಇಲ್ಲಿಯ ಮಕ್ಕಳು ರಜೆಗೆ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋಗುತ್ತಾರೆ. ಆದ್ದರಿಂದ ಮಕ್ಕಳೇ, ಇಷ್ಟು ನೆನಪಿಡಿ: ದಡದಲ್ಲಿದ್ದಾಗ ನೆಲ ಬಹಳ ಹೊತ್ತು ನಡುಗಿದರೆ, ಅಥವಾ ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದು ತಳ ಕಂಡರೆ, ಚಿಪ್ಪು ಆಯಲು ನಿಲ್ಲಬೇಡಿ. ಎಲ್ಲರನ್ನೂ ಕೂಗಿ ಎತ್ತರದ ಜಾಗಕ್ಕೆ ಓಡಿ. ಮೊದಲ ಅಲೆ ಹೋಯಿತೆಂದು ಇಳಿದು ಬರಬೇಡಿ. ಎರಡನೆಯದು, ಮೂರನೆಯದು ಇನ್ನೂ ದೊಡ್ಡದಿರಬಹುದು. ಅಧಿಕಾರಿಗಳು ಹೇಳಿದ ಮೇಲೆಯೇ ಇಳಿಯಿರಿ.