ಹಳೇ ಜೀಪು, ಹೊಸ ಡ್ರೈವರು

ಉಪ್ಪಿನಕಾಯಿ, ಚಟ್ನಿಪುಡಿಗಳ ನಡುವೆ ಜೀಪಿನ ಮಾತೇಕೆ ಎಂದು ನೀವು ಹುಬ್ಬೇರಿಸಬಹುದು. ಆದರೆ ಸೋದರಿಯರೇ, ಮಳೆಗಾಲದಲ್ಲಿ ಒಮ್ಮೆ ನಮ್ಮ ವನದುರ್ಗದ ಕಡೆ ಬಂದು ನೋಡಿ. ಜೀಪು ಗಂಡಸರ ಷೋಕಿಯೋ, ಮನೆಯ ಸಾಮಾನೋ ಎಂಬುದು ನಿಮಗೇ ತಿಳಿಯುತ್ತದೆ.

ಶಹಾಪುರ ತಾಲ್ಲೂಕಿನ ನಮ್ಮೂರಿಗೆ ಸುರಪುರದ ನಾಯಕರ ಕಾಲದ ಕೋಟೆಯಿದೆ, ಸುತ್ತಲೂ ಎರೆಭೂಮಿಯಿದೆ. ನಾರಾಯಣಪುರ ಎಡದಂಡೆ ಕಾಲುವೆ ಈ ಸೀಮೆಗೆ ಬಂದ ಮೇಲೆ ಜೋಳ, ತೊಗರಿಯ ಜೊತೆಗೆ ಭತ್ತ, ಹತ್ತಿ, ಮೆಣಸಿನಕಾಯಿಯೂ ಕೈಹಿಡಿದಿವೆ. ಆದರೆ ಮಣ್ಣಿನ ಗುಣ ಬದಲಾದೀತೇ? ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ನಾಲ್ಕು ಹನಿ ಬಿದ್ದರೆ ಹೋಳಿಗೆಯ ಕಣಕದಂತೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಡಾಂಬರು ರಸ್ತೆಯಿಂದ ನಮ್ಮ ಹೊಲದಮನೆಗೆ ಬರುವ ದಾರಿಯಲ್ಲಿ ಆಗ ಮೋಟಾರ್ ಸೈಕಲ್ಲೂ ನಡೆಯದು, ಕಾರೂ ನಡೆಯದು.

ಅಂಥ ದಾರಿಗೆಂದೇ ನಮ್ಮ ಮಾವನವರು 1993ರಲ್ಲಿ ಮಹೀಂದ್ರ ಎಂ.ಎಂ. 540 ಜೀಪು ಕೊಂಡರು. ಈ ಜೀಪುಗಳ ವಂಶ ದೊಡ್ಡದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ಸೈನ್ಯಕ್ಕಾಗಿ ಕಟ್ಟಿದ ಗಾಡಿಯನ್ನು ಮಹೀಂದ್ರದವರು 1947ರಲ್ಲಿ ನಮ್ಮ ದೇಶಕ್ಕೆ ತಂದರು. ನಮ್ಮದು ಅದರ ಮರಿಮಗಳಿದ್ದಂತೆ. ಒಳಗಿರುವುದು ಫ್ರಾನ್ಸಿನ ಪ್ಯೂಜೋ ವಿನ್ಯಾಸದ 2,112 ಸಿ.ಸಿ. ಡೀಸೆಲ್ ಎಂಜಿನ್. ಮೂವತ್ತು ವರ್ಷ ಗೊಬ್ಬರ ಹೊತ್ತಿತು, ತೊಗರಿ ಮೂಟೆ ಹೊತ್ತಿತು, ಮೈಲಾಪುರದ ಜಾತ್ರೆಗೆ ಮನೆಮಂದಿಯನ್ನೆಲ್ಲ ಹೊತ್ತಿತು.

2023ರಲ್ಲಿ ಎರಡು ಸಂಗತಿ ಒಟ್ಟಿಗೇ ಬಂದವು. ಜೀಪಿನ ನೋಂದಣಿಯ ಅವಧಿ ಮುಗಿಯಿತು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ತಪಾಸಣೆಯಾಗಿ ನೋಂದಣಿ ಹೊಸದಾಗಬೇಕು, ಗೊತ್ತಲ್ಲ? ಅದೇ ಬೇಸಿಗೆಯಲ್ಲಿ ನಮ್ಮವರ ಸಕ್ಕರೆ ಕಾಯಿಲೆ ಕಣ್ಣಿಗೆ ಬಡಿಯಿತು. ಕಲಬುರಗಿಯ ಡಾಕ್ಟರು, ಇನ್ನು ಗಾಡಿ ಹೊಡೆಯಬೇಡಿ ಎಂದುಬಿಟ್ಟರು. ಮಗ ಇರುವುದು ಬೆಂಗಳೂರಿನಲ್ಲಿ. ಮನೆಯಲ್ಲಿ ಎಂಬತ್ತು ದಾಟಿದ, ಉಬ್ಬಸದ ಅತ್ತೆ.

"ಈ ಡಬ್ಬಿ ಇನ್ನೆಷ್ಟು ದಿನಾ ಇಟ್ಕೋತೀರಿ ವೈನಿ? ಗುಜರಿಗಿ ಹಾಕ್ರಿ," ಎಂದರು ಮೈದುನ.

"ಹಾಕಿದ್ರ ರಾತ್ರಿ ಅತ್ತೀಗಿ ಉಸಿರು ಹತ್ತಿದ್ರ ಯಾರ ಹೆಗಲ ಮ್ಯಾಲ ಹೊತ್ಕೊಂಡು ಹೋಗೂದು?" ಎಂದೆ. "ನಾ ಕಲೀತೀನಿ."

ನಮ್ಮವರು ಏನೂ ಮಾತನಾಡಲಿಲ್ಲ. ಎದ್ದುಹೋಗಿ ಗೂಡಿನಲ್ಲಿದ್ದ ಬೀಗದ ಕೈ ತಂದು ನನ್ನ ಮುಂದೆ ಇಟ್ಟರು. ಮೂವತ್ತು ವರ್ಷ ಆ ಕೈ ಅವರ ಜೇಬಿನಲ್ಲೇ ಇತ್ತು. ಇಡುವಾಗ ಅವರಿಗೆ ಏನನ್ನಿಸಿತೋ ನೀವೇ ಊಹಿಸಿ. ನಾನಂತೂ ಕೇಳಲಿಲ್ಲ.

ನನ್ನ ಹತ್ತಿರ ಇದ್ದದ್ದು ಹತ್ತಿ ಮಾರಿದ ಒಂದು ಲಕ್ಷ ರೂಪಾಯಿ. ಅಡುಗೆಮನೆಗೆ ಗ್ರಾನೈಟ್ ಕಟ್ಟೆ, ಗೋಡೆಗೆ ಟೈಲ್ಸು ಎಂದು ಎರಡು ವರ್ಷದಿಂದ ಕಾಪಾಡಿದ್ದ ಗಂಟು. ಕಟ್ಟೆ ಕಾಯಬಹುದು, ಉಸಿರು ಕಾಯದು ಎಂದು ಗಂಟು ಬಿಚ್ಚಿದೆ. ಆದರೆ ಒಂದೊಂದು ರೂಪಾಯಿಗೂ ಲೆಕ್ಕ ಕೇಳಿಯೇ ಕೊಟ್ಟೆ.

ಗಾಡಿ ರಿಪೇರಿ ಎಂದ ಕೂಡಲೇ ಸಲಹೆಗಾರರಿಗೆ ಬರವೇ? ಮೈದುನನ ಮಗನಿಗೆ ಆನೆಕಾಲಿನಂಥ ಟೈರು, ನೆತ್ತಿಯ ಮೇಲೆ ಸಾಲುದೀಪ, ಎದೆ ಝಲ್ಲೆನ್ನುವ ಹಾರ್ನು ಬೇಕು. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹಳೇ ಜೀಪುಗಳನ್ನು ಮದುಮಗನಂತೆ ಸಿಂಗರಿಸುತ್ತಾರೆಂದು ಫೋನಿನಲ್ಲಿ ಚಿತ್ರ ಬೇರೆ ತೋರಿಸಿದ. ನಾನು ಶಹಾಪುರದ ಮೇಸ್ತ್ರಿಗೆ ಮೂರೇ ಮಾತು ಹೇಳಿದೆ: "ನಿಲ್ಲಬೇಕಂದ್ರ ನಿಲ್ಲಬೇಕು, ತಿರುಗಬೇಕಂದ್ರ ತಿರುಗಬೇಕು, ಕತ್ತಲಾಗ ದಾರಿ ಕಾಣಬೇಕು. ಉಳಿದದ್ದು ಆಮ್ಯಾಲ."

ಮೇಸ್ತ್ರಿ ತಿಳಿದವನು. ದೊಡ್ಡ ಟೈರು ಹಾಕಿದರೆ ಆಕ್ಸಲ್ಲಿಗೂ ಬ್ರೇಕಿಗೂ ಭಾರ ಹೆಚ್ಚು, ಮೀಟರು ತೋರಿಸುವುದಕ್ಕಿಂತ ಗಾಡಿ ವೇಗವಾಗಿ ಓಡುತ್ತಿರುತ್ತದೆ, ಸ್ಟಿಯರಿಂಗೂ ಬಿಗಿಯಾಗುತ್ತದೆ ಎಂದು ಹುಡುಗನಿಗೆ ಬಿಡಿಸಿ ಹೇಳಿದ. ಕಾನೂನಿನ ಮಾತೂ ಇದೆ. ಕಂಪನಿ ಕಟ್ಟಿದ ಮೂಲ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಎಂಜಿನ್ನು, ಬಾಡಿಗಳಂಥ ದೊಡ್ಡ ಬದಲಾವಣೆಗೆ ಕೈಹಾಕುವ ಮುಂಚೆ ಆರ್.ಟಿ.ಓ. ಕಚೇರಿಯಲ್ಲಿ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಕ್ಷೇಮ.

ಮೊದಲು ಬ್ರೇಕು. ಅದರೊಳಗಿನ ಎಣ್ಣೆ ನಮ್ಮ ಹಪ್ಪಳದಂತೆ ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಎಣ್ಣೆ ಕಾದಾಗ ಆವಿಯಾಗಿ ಬ್ರೇಕು ಮೆತ್ತಗಾಗುತ್ತದೆ, ಒಳಗೆ ತುಕ್ಕೂ ಹಿಡಿಯುತ್ತದೆ. ಮಾಸ್ಟರ್ ಸಿಲಿಂಡರು, ನಾಲ್ಕೂ ಗಾಲಿಯ ರಬ್ಬರುಗಳು, ಪೈಪುಗಳು ಎಲ್ಲ ಹೊಸದಾದವು. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕೆಂದು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟಿದ್ದೇನೆ.

ಆಮೇಲೆ ಸ್ಟಿಯರಿಂಗು. ನನ್ನ ಕೈಗೆ ಅದು ಕಲ್ಲುಗುಂಡಿನಂತಿತ್ತು. ಪವರ್ ಸ್ಟಿಯರಿಂಗ್ ಕೂರಿಸಿ ಎಂದರು ಕೆಲವರು. ಮೊದಲು ಸವೆದದ್ದನ್ನು ಸರಿಮಾಡಿ ನೋಡೋಣ ಎಂದೆ. ಮುಂದಿನ ಗಾಲಿಯ ಕಿಂಗ್‌ಪಿನ್ ಬೇರಿಂಗು ಒಣಗಿ ಪುಡಿಯಾಗಿದ್ದವು, ರಾಡುಗಳ ತುದಿ ಸಡಿಲವಾಗಿದ್ದವು, ಟೈರಿನಲ್ಲಿ ಗಾಳಿಯೂ ಕಡಿಮೆ. ಈ ಜಾತಿಯ ಜೀಪುಗಳು ಗುಂಡಿ ಹಾರಿದಾಗ ದೇವರು ಮೈಮೇಲೆ ಬಂದಂತೆ ನಡುಗುವುದೂ ಇಂಥ ಸವೆತದಿಂದಲೇ. ಬೇರಿಂಗು ಹೊಸದಾಗಿ, ಗ್ರೀಸು ತುಂಬಿ, ಗಾಲಿ ನೇರವಾದ ಮೇಲೆ ಅರ್ಧ ಭಾರ ಇಳಿಯಿತು. ಇನ್ನರ್ಧಕ್ಕೆ, ನಾವು ಬಾವಿಯ ನೀರು ಸೇದಿದ ಕೈಗಳಲ್ಲವೇ?

ತಳದ ತಗಡು ಮಾತ್ರ ಜರಡಿಯಾಗಿತ್ತು. ಎರೆಮಣ್ಣು ಮೂಲೆಯಲ್ಲಿ ಕೂತು ತೇವ ಹಿಡಿದಿಟ್ಟುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆದು ಬಣ್ಣ ಬಳಿದರು. ಪಟ್ಟಿ ಸ್ಪ್ರಿಂಗುಗಳನ್ನು ಬಿಚ್ಚಿ ತೊಳೆದು ಬುಷ್ ಹಾಕಿದರು. ಡೀಸೆಲ್ ಪಂಪು, ಇಂಜೆಕ್ಟರುಗಳನ್ನು ಸರಿಪಡಿಸಿದ ಮೇಲೆ ಕರಿಹೊಗೆ ನಿಂತಿತು. ಹಳೇ ವೈರುಗಳನ್ನು ಕಿತ್ತು, ಫ್ಯೂಸು, ರಿಲೇ ಇಟ್ಟು ಹೊಸದು ಎಳೆದರು. ದೀಪದ ಪೂರ್ತಿ ಕರೆಂಟು ಹಳೇ ಸ್ವಿಚ್ಚಿನ ಮೂಲಕ ಹಾಯಬೇಕಿಲ್ಲವಾದ್ದರಿಂದ ಬೆಳಕೂ ನಿಚ್ಚಳವಾಯಿತು. ನನ್ನ ಕಾಲಿಗೆ ಕ್ಲಚ್ಚು ಎಟುಕುವಂತೆ ಸೀಟು ಮುಂದೆ ಸರಿಯುವ ಹಳಿ, ಮುಂದಿನ ಇಬ್ಬರಿಗೂ ಸೀಟ್ ಬೆಲ್ಟು ಬಂದವು. ಬೆಲ್ಟನ್ನು ಬರೀ ತಗಡಿಗೆ ಬಿಗಿಯಬಾರದು, ಹಿಂದೆ ದಪ್ಪ ಕಬ್ಬಿಣದ ಪಟ್ಟಿ ಕೊಟ್ಟೇ ಬಿಗಿಯಬೇಕು. ಇದನ್ನು ನಿಂತು ನೋಡಿಯೇ ಮಾಡಿಸಿದೆ.

ಗಾಡಿ ಕಲಿಸಿದವರು ನಮ್ಮವರೇ. ಎಡಗಡೆ ಕೂತು ಕಿವಿಯಲ್ಲೇ ಕಲಿಸಿದರು. "ಎಂಜಿನ್ ಅಳಾಕತ್ತದ, ಗೇರ್ ಇಳಸು," ಎನ್ನುವರು. ದಾರಿ ಮಸುಕಾದರೂ ಗಾಡಿಯ ನಾಡಿ ಅವರಿಗೆ ತಿಳಿಯುತ್ತದೆ. ನಾಲ್ಕು ಗಾಲಿಗೂ ಶಕ್ತಿ ಕೊಡುವ ಲಿವರಿನ ಗುಟ್ಟನ್ನೂ ಅವರೇ ಹೇಳಿದರು. ಒಂದೇ ಬೀಸುಕಲ್ಲಿನ ಗೂಟವನ್ನು ಇಬ್ಬರು ಹಿಡಿದಾಗ ಒಬ್ಬಳು ಜೋರು, ಒಬ್ಬಳು ನಿಧಾನ ತಿರುಗಿಸಿದರೆ ಏನಾಗುತ್ತದೆ? ತಿರುವಿನಲ್ಲಿ ಮುಂದಿನ ಗಾಲಿ, ಹಿಂದಿನ ಗಾಲಿ ಬೇರೆ ಬೇರೆ ದೂರ ಸಾಗುತ್ತವೆ. ಕೆಸರಿನಲ್ಲಾದರೆ ಗಾಲಿ ಜಾರಿ ಹೊಂದಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲಾರದೆ ಒಳಗಿನ ಗೇರುಗಳು ತಿರುಚಿಕೊಳ್ಳುತ್ತವೆ. ಅದಕ್ಕೇ ಕೆಸರು ದಾಟಿದ ಕೂಡಲೇ ಎರಡು ಗಾಲಿಗೆ ಮರಳಬೇಕು. ಇನ್ನೊಂದು ಲೋ ಗೇರು. ವೇಗ ಸುಮಾರು ಎರಡೂವರೆ ಪಟ್ಟು ತಗ್ಗುತ್ತದೆ, ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತದೆ. ಕುದುರೆಯನ್ನು ಬಿಟ್ಟು ಎತ್ತು ಕಟ್ಟಿದಂತೆ.

ಊರವರು ನಗಲಿಲ್ಲವೇ? ನಕ್ಕರು. ಕಟ್ಟೆಯ ಮೇಲಿನವರು ಎದ್ದು ನಿಂತು ನೋಡಿದರು. ಲೈಸೆನ್ಸು ಕೈಗೆ ಬಂದು, ತಪಾಸಣೆಯಲ್ಲಿ ಜೀಪು ಪಾಸಾದ ಮೇಲೆ ನಗು ತಾನಾಗಿ ತಗ್ಗಿತು. 2024ರ ಮಳೆಗಾಲದ ಒಂದು ರಾತ್ರಿ ಅತ್ತೆಯವರಿಗೆ ಉಸಿರು ಕಟ್ಟಿತು. ಹಿಂದಿನ ಸೀಟಿನಲ್ಲಿ ನಮ್ಮವರು ಅವರನ್ನು ಎದೆಗೊರಗಿಸಿಕೊಂಡು ಕೂತರು. ಲೋ ಗೇರಿನಲ್ಲಿ ಹೊಲ ದಾಟಿಸಿ ಶಹಾಪುರ ಮುಟ್ಟಿಸಿದೆ. ಅತ್ತೆ ಮೂರು ದಿನಕ್ಕೆ ಮನೆಗೆ ಬಂದರು. ಬಂದವರೇ, "ಮಗಾ ಹೊಡದ್ರ ಭಾಳ ಕುಲುಕ್ತಿದ್ದಾ, ನೀ ಚಲೋ ಹೊಡೀತಿ," ಎಂದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಸೊಸೆಗೆ ಬೇಕೇ?

ನಿಮ್ಮ ಮನೆಯಲ್ಲೂ ಹಳೇ ಗಾಡಿಯಿದ್ದರೆ ಎರಡು ಮಾತು. ಚಾಸಿ ತುಕ್ಕು ತಿಂದು ಬಿರುಕು ಬಿಟ್ಟಿದ್ದರೆ ಮೋಹ ಬಿಡಿ, ದುಡ್ಡು ಸುರಿಯಬೇಡಿ. ನೋಂದಣಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. 2022ರಲ್ಲಿ 5,000 ರೂಪಾಯಿಯಾದ ಶುಲ್ಕ, ಇಪ್ಪತ್ತು ವರ್ಷ ದಾಟಿದ ಕಾರು-ಜೀಪುಗಳಿಗೆ 2025ರಲ್ಲಿ 10,000ಕ್ಕೆ ಏರಿತು. ಇಷ್ಟಾದ ಮೇಲೂ ಉಳಿಸಿಕೊಳ್ಳುವುದೇ ಸರಿ ಎನಿಸಿದರೆ, ಅದನ್ನು ಹೊಡೆಯುವವರ ಕೈಕಾಲಿಗೆ ಒಗ್ಗುವಂತೆ ಸರಿಮಾಡಿಸಿ. ಹೊಡೆಯುವವರು ನೀವೇ ಯಾಕಾಗಬಾರದು?

ಗ್ರಾನೈಟ್ ಕಟ್ಟೆ ಇನ್ನೂ ಆಗಿಲ್ಲ. ಈ ಸಲದ ಹತ್ತಿಗೆ ನೋಡೋಣ.