ಮಗಳ ಉದ್ಯಮಕ್ಕೆ ಮನೆಯ ಬಂಡವಾಳ

‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಮಾತನ್ನು ನಮ್ಮಲ್ಲಿ ಓದುಬಾರದವರೂ ಆಡುವರು. ಹೆಣ್ಣುಮಗಳು ನೌಕರಿಗೆ ಹೋಗುವುದನ್ನು ನಾವು ಈಚೆಗೆ ಒಪ್ಪಿಕೊಂಡಿದ್ದೇವೆ. ತಿಂಗಳಿಗೊಮ್ಮೆ ಸಂಬಳ ಬರುವಲ್ಲಿ ಭಯವೇನಿದೆ? ಆದರೆ ಅವಳೇ ಬಂಡವಾಳ ಹೂಡಿ, ಸಾಲ ತಂದು, ನಾಲ್ಕು ಜನಕ್ಕೆ ಕೆಲಸ ಕೊಡುವ ಒಡತಿಯಾಗುವೆನೆಂದರೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವರು. ಈ ಹೆದರಿಕೆಯು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಾಚಕರೊಡನೆ ಕೂಡಿ ವಿಚಾರಿಸಬೇಕೆಂದು ನಮ್ಮ ಇಚ್ಛೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವುಂಟು. ಶ್ರೀಮತಿ ಕಿರಣ್ ಮಜುಂದಾರ್ ಷಾ ಅವರು 1953ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆ ರಸೇಂದ್ರ ಮಜುಂದಾರರು ಯುನೈಟೆಡ್ ಬ್ರೂವರೀಸಿನಲ್ಲಿ ಬಿಯರ್ ತಯಾರಿಕೆಯ ಮುಖ್ಯ ತಜ್ಞರು. ಮಗಳಿಗೆ ವೈದ್ಯಳಾಗುವ ಆಸೆಯಿತ್ತು, ಅದು ಕೈಗೂಡಲಿಲ್ಲ. ಆಗ ತಂದೆಯು ‘ಹುದುಗಿಸುವ ಶಾಸ್ತ್ರವನ್ನು ಓದು’ ಎಂದು ಸೂಚಿಸಿದರು. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದ ಪದವಿಯನ್ನು ಪಡೆದಿದ್ದ ಆಕೆ ಆಸ್ಟ್ರೇಲಿಯಾಕ್ಕೆ ಹೋಗಿ 1975ರಲ್ಲಿ ಆ ವಿದ್ಯೆಯಲ್ಲಿ ಪರಿಣತಿ ಪಡೆದು ಬಂದರು. ಬಂದ ಮೇಲೆ ಕೇಳಿದ ಮಾತು, ‘ಇದು ಗಂಡಸರ ಕೆಲಸ’ ಎಂಬುದು. ಕಲಿತ ವಿದ್ಯೆಗೆ ತಕ್ಕ ಹುದ್ದೆಯನ್ನು ಕೊಡುವವರೇ ಇಲ್ಲವಾದರು.

ಆಗ ಐರ್ಲೆಂಡಿನ ಬಯೋಕಾನ್ ಎಂಬ ಕಂಪನಿಯ ಸ್ಥಾಪಕರು ಭಾರತದಲ್ಲಿ ಪಾಲುದಾರರನ್ನು ಹುಡುಕುತ್ತಿದ್ದರು. 1978ರಲ್ಲಿ, 10,000 ರೂಪಾಯಿಯ ಬಂಡವಾಳದಿಂದ, ಬೆಂಗಳೂರಿನ ಬಾಡಿಗೆಯ ಮನೆಯೊಂದರ ಮೋಟಾರು ಕೊಟ್ಟಿಗೆಯಲ್ಲಿ ಬಯೋಕಾನ್ ಇಂಡಿಯಾ ಆರಂಭವಾಯಿತು. ವಿದೇಶೀಯರಿಗೆ ನೂರಕ್ಕೆ 30ಕ್ಕಿಂತ ಹೆಚ್ಚು ಪಾಲು ಸಲ್ಲದೆಂದು ಆಗ್ಗೆ ಕಾನೂನಿದ್ದುದರಿಂದ ಉಳಿದ 70 ಪಾಲು ಈ ತರುಣಿಯದಾಯಿತು. ‘ಸ್ಟಾರ್ಟಪ್’ ಎಂಬ ಮಾತು ಆಗ ನಮ್ಮ ಮನೆಗಳಿಗೆ ಬಂದಿರಲಿಲ್ಲ.

ಮಾಡುತ್ತಿದ್ದುದೇನೆಂದರೆ ಕಿಣ್ವಗಳನ್ನು. ಹೆಸರು ಹೊಸದಾದರೂ ವಿಷಯವು ಗೃಹಿಣಿಯರಿಗೆ ಅಪರಿಚಿತವಲ್ಲ. ಹಾಲಿಗೆ ಹೆಪ್ಪು ಹಾಕುವವಳು, ಜೋಳದ ಹಿಟ್ಟನ್ನು ಹುಳಿಗಿಟ್ಟು ಅಂಬಲಿ ಕಾಯಿಸುವವಳು ಕಣ್ಣಿಗೆ ಕಾಣದ ಜೀವಿಗಳಿಂದ ದಿನವೂ ಕೆಲಸ ಮಾಡಿಸುತ್ತಾಳೆ. ಪಪ್ಪಾಯಿ ಕಾಯಿಯ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವವು ಬಯೋಕಾನಿನ ಮೊದಲ ಸರಕುಗಳಲ್ಲಿ ಒಂದು. ಸಾಲ ಕೇಳಹೋದರೆ ಬ್ಯಾಂಕುಗಳು ಹಿಂಜರಿದವು: ವಯಸ್ಸು 25, ಹೆಂಗಸು, ಅಡವಿಡಲು ಆಸ್ತಿಯಿಲ್ಲ, ವ್ಯಾಪಾರವೋ ಯಾರೂ ಕೇಳರಿಯದ್ದು. ಹೆಂಗಸಿನ ಕೈಕೆಳಗೆ ಕೆಲಸ ಮಾಡಲು ಜನರು ಒಲ್ಲೆನೆಂದರು. ಕಡೆಗೆ ಒಂದು ಸಮಾರಂಭದಲ್ಲಿ ಅಕಸ್ಮಾತ್ತಾಗಿ ಭೇಟಿಯಾದ ಬ್ಯಾಂಕಿನ ಅಧಿಕಾರಿಯೊಬ್ಬರಿಂದ ಸಾಲದ ದಾರಿ ತೆರೆಯಿತು. ಒಂದು ವರ್ಷದೊಳಗೆ ಸರಕು ಅಮೆರಿಕ, ಯುರೋಪುಗಳಿಗೆ ಹೋಯಿತು.

ಮುಂದಿನದನ್ನು ಸಂಕ್ಷೇಪವಾಗಿ ಹೇಳುವೆವು. 1994ರಲ್ಲಿ ಸಂಶೋಧನೆಗಾಗಿ ಸಿಂಜೀನ್, 2000ದಲ್ಲಿ ಔಷಧಗಳ ಪರೀಕ್ಷೆಗಾಗಿ ಕ್ಲಿನಿಜೀನ್ ಎಂಬ ಕಂಪನಿಗಳನ್ನು ಆಕೆ ಕಟ್ಟಿದರು. ಹುದುಗಿಸುವ ವಿದ್ಯೆಯಿಂದಲೇ, ಈಸ್ಟಿನ ಮೂಲಕ ತಯಾರಿಸಿದ ಇನ್ಸುಲಿನ್ 2004ರಲ್ಲಿ ಮಾರುಕಟ್ಟೆಗೆ ಬಂದಿತು. ಅದೇ ವರ್ಷ ಷೇರುಪೇಟೆಗೆ ಬಂದ ಮೊದಲ ದಿನವೇ ಬಯೋಕಾನಿನ ಬೆಲೆ 100 ಕೋಟಿ ಡಾಲರನ್ನು ದಾಟಿತು.

ಈ ಕಥೆಯಲ್ಲಿ ನಮ್ಮ ಮನಸ್ಸನ್ನು ಹಿಡಿದುದು ಆ ಕೋಟಿಗಳಲ್ಲ. ಬ್ಯಾಂಕು ನಂಬುವುದಕ್ಕೆ ಮುಂಚೆಯೇ ಮಗಳನ್ನು ನಂಬಿದ ತಂದೆಯೊಬ್ಬರು ಮನೆಯಲ್ಲಿ ಇದ್ದರು ಎಂಬುದು.

ಇದನ್ನು ಹೇಳಲು ಕಾರಣವುಂಟು. ಭೀಮಾನದಿಗೆ ಬ್ಯಾರೇಜು ಕಟ್ಟಿರುವ ಸೊನ್ನವು ನಮ್ಮ ಊರು. ತೊಗರಿ, ಜೋಳ, ಕಬ್ಬುಗಳ ಒಕ್ಕಲುತನ. ನಮ್ಮ ತಮ್ಮನ ಮಗಳು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದಿರುವಳು. ಹೊಲದ ತೇವವನ್ನು ಅಳೆದು, ತೊಗರಿಗೆ ನೆಟೆರೋಗ ತಗಲುವ ಸಂಭವವನ್ನು ಮೊಬೈಲಿಗೆ ತಿಳಿಸುವ ಸಣ್ಣದೊಂದು ಯಂತ್ರವನ್ನು ಗೆಳತಿಯೊಡನೆ ಮಾಡಿರುವಳು. ಅದನ್ನೇ ಉದ್ಯಮವಾಗಿ ಬೆಳೆಸಬೇಕೆಂದು ಅವಳ ಹಟ.

“ದೊಡ್ಡಪ್ಪಾ, ಮದುವ್ಯಾಗ ಒಂದ ದಿನಕ್ಕ ಖರ್ಚ ಮಾಡೋ ರೊಕ್ಕದಾಗ ಅರ್ಧ ಈಗ ಕೊಡ್ರಿ. ಪೈಸಾ ಪೈಸಾ ಲೆಕ್ಕ ಬರದು ತೋರಸ್ತೀನಿ” ಎಂದಳು.

“ಅದು ಮದುವಿ ರೊಕ್ಕ, ಆಟದ ರೊಕ್ಕ ಅಲ್ಲ” ಎಂದು ಅವಳ ಅವ್ವ ಅಡಿಗೆಮನೆಯಿಂದಲೇ ನುಡಿದಳು. ತಮ್ಮನು ನಮ್ಮ ಮುಖವನ್ನು ನೋಡಿದನು.

ಆ ತಾಯಿಯ ಭಯವನ್ನು ಹಗುರಾಗಿ ಕಾಣಲಾಗದು. ಹೊಸ ಉದ್ಯಮಗಳಲ್ಲಿ ಅನೇಕವು ಮುಳುಗುವುವು. ಆದರೆ ನಮ್ಮ ಒಕ್ಕಲುತನವೇನು ಕಡಮೆ ಜೂಜೆ? ಮುಂಗಾರು ಕೈಕೊಟ್ಟ ವರ್ಷ ಬೀಜ, ಗೊಬ್ಬರ, ಸಾಲ ಎಲ್ಲವೂ ಮಣ್ಣುಪಾಲಾಗುತ್ತದೆ. ಹಿಂಗಾರಿಗೆ ಮತ್ತೆ ಕೂರಿಗೆ ಹೂಡುವವನನ್ನು ಯಾರೂ ಹುಚ್ಚನೆನ್ನುವುದಿಲ್ಲ. ಮಗನು ಅಂಗಡಿಯಿಟ್ಟು ಸೋತರೆ ‘ಅನುಭವ ಬಂತು’ ಎನ್ನುತ್ತೇವೆ. ಮಗಳು ಸೋತರೆ ‘ಮೊದಲೇ ಹೇಳಿದ್ದೆವು’ ಎನ್ನುತ್ತೇವೆ. ಎರಡನೆಯ ಬಿತ್ತನೆಯ ಅವಕಾಶವನ್ನು ಮಗಳಿಗೆ ಕೊಡದಿರುವುದೇ ನಮ್ಮ ಮನೆಗಳ ಅನ್ಯಾಯ. ಹೆಂಗಸಿನ ಹಣವು ಉದ್ಯಮಕ್ಕೆ ಒದಗಬಾರದೆಂದೂ ನಾವು ಹೇಳಿದವರಲ್ಲ. 1981ರಲ್ಲಿ ಇನ್ಫೋಸಿಸ್ ಕಂಪನಿಗೆ ಬಿದ್ದ ಮೊದಲ 10,000 ರೂಪಾಯಿ ಶಿಗ್ಗಾಂವಿಯಲ್ಲಿ ಜನಿಸಿದ ಶ್ರೀಮತಿ ಸುಧಾ ಮೂರ್ತಿಯವರ ಉಳಿತಾಯದ್ದು. ಗಂಡನ ಉದ್ಯಮಕ್ಕೆ ಸಲ್ಲುವ ಹಣವು ಮಗಳ ಉದ್ಯಮಕ್ಕೇಕೆ ಸಲ್ಲದು?

ಇನ್ನೊಂದು ಮಾತು. ಬ್ಯಾಂಕು ಕೇಳುವುದು ಅಡವನ್ನು. ನಮ್ಮ ಕಡೆ ಅಡವೆಂದರೆ ಹೊಲ. ಹೆಣ್ಣುಮಕ್ಕಳಿಗೂ ಹಿರಿಯರ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲುಂಟೆಂದು ಹಿಂದೂ ಕುಟುಂಬಗಳಿಗೆ ಕರ್ನಾಟಕವು 1994ರಲ್ಲಿಯೂ, ಇಡೀ ದೇಶವು 2005ರಲ್ಲಿಯೂ ಕಾನೂನು ಮಾಡಿತು. ಆದರೂ ಒಂದು ಸೀರೆ ಉಡಿಸಿ, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಪದ್ಧತಿಯು ಅಳಿದಿಲ್ಲ. ಪಹಣಿಯಲ್ಲಿ ಹೆಸರಿಲ್ಲದವಳು ಏನನ್ನು ಅಡವಿಡಬೇಕು?

ಮೂರು ರಾತ್ರಿಯ ಚರ್ಚೆಯಾದ ಮೇಲೆ ಮದುವೆಗೆಂದಿಟ್ಟಿದ್ದ ಹಣದ ಅರ್ಧವನ್ನು ಅವಳ ಹೆಸರಿನ ಖಾತೆಗೇ ಹಾಕಲಾಯಿತು. ತಾಯಿಯ ಮನಸ್ಸು ಇನ್ನೂ ಪೂರ್ಣ ತಿಳಿಯಾಗಿಲ್ಲ. ಆದರೂ ಆ ಯಂತ್ರವನ್ನು ಮೊದಲು ತನ್ನ ತವರಿನ ಹೊಲದಲ್ಲಿ ನಿಲ್ಲಿಸಬೇಕೆಂದು ಹೇಳಿದವಳು ಅವಳೇ.

ಲಾಭವಾಗುವುದೋ ನಷ್ಟವಾಗುವುದೋ ಮಳೆಗಾಲವೊಂದು ಕಳೆಯದೆ ತಿಳಿಯದು. ಮನೆಯಲ್ಲಿ ಇಂಥ ಮಗಳಿರುವ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಬೇಡವೆನ್ನುವ ಮುನ್ನ ಅವಳ ಲೆಕ್ಕದ ಪುಸ್ತಕವನ್ನು ತರಿಸಿ, ಒಮ್ಮೆ ಕುಳಿತು ಓದಿರಿ.