ಹಲಸೂರು ಕೆರೆಯ ಬಣ್ಣ
ಬೆಂಗಳೂರಿನ ದಂಡಿಗೆ ಪರದೇಶದವರು ಹೊಸಬರಲ್ಲ. ೧೮೦೯ರಲ್ಲಿಯೇ ಆಂಗ್ಲರ ಪಡೆಯು ಅಲ್ಲಿ ಬೀಡುಬಿಟ್ಟಿತು. ಅದರ ಪೂರ್ವ ಮಗ್ಗುಲಿನ ಹಲಸೂರು ಕೆರೆಯ ದಡದಲ್ಲಿ ನಾವು ಚಿತ್ರ ಬರೆಯಲು ಕಲಿತಾಗ ಜಪಾನು, ಜರ್ಮನಿ, ಕೀನ್ಯಾ ದೇಶಗಳ ವಿದ್ಯಾರ್ಥಿಗಳು ನಮ್ಮ ಸಹಪಾಠಿಗಳಾಗಿದ್ದರು. “ರೂಢಿಯಂತೆ ನೀರಿಗೆ ನೀಲಿಯನ್ನು ಬಳಿಯದೆ, ಕಂಡುದನ್ನೇ ಬರೆಯಿರಿ” ಎಂದರು ಗುರುಗಳು. ಸಂಜೆ ಚಿತ್ರಗಳನ್ನು ಸಾಲಾಗಿ ಇರಿಸಿದಾಗ ನಡುಗಡ್ಡೆಯ ಮರಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿದ್ದುವು. ನೀರು ಮಾತ್ರ ಎಲ್ಲರಲ್ಲಿಯೂ ಪಾಚಿಯ ಹಸಿರೇ. ೨೦೧೬ರ ಮಾರ್ಚ್ ತಿಂಗಳಲ್ಲಿ ಚರಂಡಿಯ ಕೊಳೆಯಿಂದ ನೀರಿನ ಪ್ರಾಣವಾಯು ಕುಂದಿ, ಇದೇ ಕೆರೆಯಲ್ಲಿ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದ್ದುವು. ಊರಿನವರ ಕಣ್ಣಿಗೆ ಪಳಗಿಹೋದ ಆ ಬಣ್ಣವು ಹೊರನಾಡಿನವರಿಗೆ ಒಂದೇ ದಿನದಲ್ಲಿ ಕಂಡಿತು. ವಾಚಕರು ಮನೆಯ ಮಕ್ಕಳನ್ನು ತಮ್ಮೂರ ಕೆರೆಗೆ ಕರೆದೊಯ್ದು, ಕಂಡ ಬಣ್ಣವನ್ನೇ ಬರೆಯಿಸಿ ನೋಡಬೇಕು.